ಉದ್ದ ಒಂದೇನಾ? 22 ಚಿಹ್ನೆಗಳ ಒಂದು ಸಾಲಿನ ವಿಮರ್ಶೆ

ಕವಿತೆಯ ಒಂದೇ ಸಾಲು ಹಿಡಿದು ನಾಲ್ಕು ಪುಟ ವಿಮರ್ಶೆ ಬರೆಯೋ ಮೇಷ್ಟ್ರುಗಳನ್ನ ನೀವೂ ನೋಡಿರ್ತೀರಿ. ಕೋಡಿನ ಒಂದು ಸಾಲಿಗೂ ಅಷ್ಟೇ ಮರ್ಯಾದೆ ಕೊಟ್ಟರೆ ಏನಾಗತ್ತೆ ಅಂತ ನೋಡೋಣ. ಪೈಥಾನ್ ಭಾಷೆಯ ಸಾಲು ಇದು:

ಲೆನ್(ಸೆಟ್(ಮ್ಯಾಪ್(ಲೆನ್,ಎ)))<2

ಸಂಚಿಕೆಯಲ್ಲಿ ಇದನ್ನ ಬಾಯಲ್ಲೇ ಓದಿ ಹೇಳಿದ್ದೆ. ಕೇಳಿದ ಹಾಗೇ ಇಲ್ಲೂ ಕನ್ನಡ ಅಕ್ಷರದಲ್ಲೇ ಬರೆದಿದ್ದೀನಿ. ಕಂಪ್ಯೂಟರ್‌ಗೆ ಕೊಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕು. ಆಗ ಬ್ರಾಕೆಟ್ಟು, ಅಲ್ಪವಿರಾಮ ಎಲ್ಲ ಸೇರಿ 22 ಚಿಹ್ನೆ ಆಗತ್ತೆ.

ಇದು ಕೇಳೋ ಪ್ರಶ್ನೆ ಸಣ್ಣದು. 'ಎ' ಅನ್ನೋದು ಪಟ್ಟಿಗಳ ಪಟ್ಟಿ. ಒಂದು ದೊಡ್ಡ ಡಬ್ಬಿಯೊಳಗೆ ಸಣ್ಣ ಡಬ್ಬಿಗಳು ಅಂತ ಇಟ್ಟುಕೊಳ್ಳಿ. ಒಳಗಿನ ಡಬ್ಬಿಗಳಲ್ಲೆಲ್ಲ ಒಂದೇ ಸಂಖ್ಯೆಯ ಸಾಮಾನು ಇದೆಯಾ? ಇದ್ದರೆ ಹೌದು, ಇಲ್ಲದಿದ್ದರೆ ಇಲ್ಲ. ಒಳಗಿನಿಂದ ಹೊರಕ್ಕೆ ಓದಿ. 'ಮ್ಯಾಪ್' ಪ್ರತಿಯೊಂದು ಒಳಪಟ್ಟಿಯ ಉದ್ದ ಅಳೆಯತ್ತೆ. 'ಸೆಟ್' ಆ ಉದ್ದಗಳನ್ನ ಒಂದು ಗಣದಲ್ಲಿ ಹಾಕತ್ತೆ. ಗಣದಲ್ಲಿ ಒಂದೇ ಸಂಖ್ಯೆ ಎರಡು ಸಲ ಇರೋಕಾಗಲ್ಲ, ಹಾಗಾಗಿ ಎಲ್ಲ ಉದ್ದಗಳೂ ಸಮ ಇದ್ದರೆ ಅಲ್ಲಿ ಉಳಿಯೋದು ಒಂದೇ ಒಂದು ಸಂಖ್ಯೆ. ಹೊರಗಿನ 'ಲೆನ್' ಎಷ್ಟು ಉಳಿದಿದೆ ಅಂತ ಎಣಿಸತ್ತೆ. ಎರಡಕ್ಕಿಂತ ಕಡಿಮೆ ಇದ್ದರೆ ಹೌದು.

ಇಂಥ ಆಟಕ್ಕೆ ಕೋಡ್ ಗಾಲ್ಫ್ ಅಂತಾರೆ. ಗಾಲ್ಫ್‌ನಲ್ಲಿ ಕಡಿಮೆ ಹೊಡೆತದಲ್ಲಿ ಚೆಂಡನ್ನ ಕುಳಿಗೆ ಹಾಕಿದವನು ಗೆದ್ದ ಹಾಗೆ, ಇಲ್ಲಿ ಕಡಿಮೆ ಚಿಹ್ನೆಯಲ್ಲಿ ಕೆಲಸ ಮುಗಿಸಿದವನು ಗೆದ್ದ. 1990ರ ದಶಕದ ಕೊನೆಗೆ ಪರ್ಲ್ ಭಾಷೆಯ ಪ್ರೋಗ್ರಾಮರ್‌ಗಳ ನಡುವೆ ಈ ಹೆಸರು ಓಡಾಡೋಕೆ ಶುರುವಾಯ್ತು. ಈಗ ಈ ಆಟಕ್ಕಂತಲೇ ಭಾಷೆಗಳಿವೆ. ಜೆಲ್ಲಿ ಅನ್ನೋ ಒಂದರಲ್ಲಿ ನಮ್ಮ ಪ್ರಶ್ನೆ 2 ಬೈಟಿನಲ್ಲೇ ಮುಗಿದುಹೋಗತ್ತೆ. ಪೈಥಾನ್‌ನಲ್ಲೇ ಇನ್ನೂ ಒಂದಿಷ್ಟು ಹಿಂಡಿದರೆ 20ಕ್ಕೆ ಇಳಿಯತ್ತೆ. ಆದರೆ 22ರ ಸಾಲೇ ನನಗೆ ಇಷ್ಟ, ಯಾಕಂದ್ರೆ ಇದನ್ನ ಜೋರಾಗಿ ಓದಬಹುದು. ಮೂರು ಪದ ಗೊತ್ತಿದ್ದರೆ ಹೊಸಬರಿಗೂ ಬಿಡಿಸಿ ಹೇಳಬಹುದು. ಉಪಾಯ ಇಡೀ ಗಣದ ಗುಣದಲ್ಲಿದೆ, ಭಾಷೆಯ ಯಾವ ಕಳ್ಳದಾರಿಯೂ ಇಲ್ಲ.

ಆ ಗಣ ಹುಟ್ಟಿದ್ದು ಇಲ್ಲೇ, ಜರ್ಮನಿಯಲ್ಲಿ. ಗೇಯೋರ್ಗ್ ಕ್ಯಾಂಟರ್ 1869ರಲ್ಲಿ ಹಾಲೆ ಊರಿನ ವಿಶ್ವವಿದ್ಯಾಲಯಕ್ಕೆ ಬಂದು, 1918ರಲ್ಲಿ ಅದೇ ಊರಿನಲ್ಲಿ ತೀರಿಕೊಂಡ. ಜರ್ಮನ್ನಲ್ಲಿ ಅವನು ಬಳಸಿದ ಪದ 'ಮೆಂಗೆ'. ಇವತ್ತಿಗೂ ಸಂತೆಯಲ್ಲಿ 'ಐನೆ ಮೆಂಗೆ' ಅಂದ್ರೆ ಒಂದು ರಾಶಿ, ಬೇಕಾದಷ್ಟು ಅಂತ ಅರ್ಥ. ರಾಶಿ ಅನ್ನೋ ಮನೆಮಾತನ್ನ ತೆಗೆದುಕೊಂಡು ಅದಕ್ಕೆ ಕಟ್ಟುನಿಟ್ಟಾದ ಗಣಿತ ಕೊಟ್ಟವನು ಅವನು. ನಮ್ಮ ಶಾಲೆಯ ಗಣಿತದಲ್ಲಿ ಅದಕ್ಕೆ 'ಗಣ' ಅಂತಾರೆ. ಛಂದಸ್ಸಿನಲ್ಲೂ ಗಣ ಅನ್ನೋ ಪದ ಇದೆ, ಅರ್ಥ ಬೇರೆ. ಅದರ ಹತ್ತಿರ ಆಮೇಲೆ ಬರ್ತೀನಿ.

ಹೊಗಳಿದ್ದು ಸಾಕು. ಈಗ ಸಾಲನ್ನ ಸ್ವಲ್ಪ ಒತ್ತಿ ನೋಡೋಣ.

ಖಾಲಿ ಪಟ್ಟಿ ಕೊಟ್ಟರೆ ಏನಾಗತ್ತೆ? ಒಳಗೆ ಡಬ್ಬಿಗಳೇ ಇಲ್ಲ. ಅಳೆಯೋಕೆ ಏನೂ ಇಲ್ಲ, ಗಣ ಖಾಲಿ, ಅದರ ಉದ್ದ 0, ಅದು 2ಕ್ಕಿಂತ ಕಡಿಮೆ, ಆದ್ದರಿಂದ ಉತ್ತರ ಹೌದು. ಇಲ್ಲದ ಡಬ್ಬಿಗಳೆಲ್ಲ ಸಮ! ಇದು ತಮಾಷೆಯಾಗಿ ಕಾಣಬಹುದು, ಆದರೆ ತರ್ಕದಲ್ಲಿ ಇದಕ್ಕೆ ಗಟ್ಟಿ ಬೆಂಬಲ ಇದೆ. ಯೇನಾದ ಗೊಟ್ಲೋಬ್ ಫ್ರೇಗೆ 1879ರಲ್ಲಿ ಬರೆದ ಪುಟ್ಟ ಪುಸ್ತಕ 'ಬೆಗ್ರಿಫ್ಸ್‌ಶ್ರಿಫ್ಟ್', ಅಚ್ಚಾಗಿದ್ದು ಕ್ಯಾಂಟರನ ಹಾಲೆಯಲ್ಲೇ, 'ಎಲ್ಲ' ಅನ್ನೋ ಪದವನ್ನ 'ಯಾವುದಾದರೂ ಒಂದು ಹೀಗಿದ್ದರೆ, ಆಗ ಅದು ಹಾಗಿರತ್ತೆ' ಅಂತ ಬಿಡಿಸಿತು. ಹೀಗೆ ಬಿಡಿಸಿದರೆ, ಒಂದೂ ಇಲ್ಲದ ಕಡೆ 'ಎಲ್ಲ' ಅನ್ನೋ ಮಾತು ತಾನಾಗೇ ನಿಜ ಆಗತ್ತೆ.

ನನ್ನ ತಕರಾರು ಉತ್ತರದ ಬಗ್ಗೆ ಇಲ್ಲ. ಆ ಉತ್ತರವನ್ನ ಹೇಗೆ ಆರಿಸಲಾಯ್ತು ಅನ್ನೋದು ನೋಡಿ. ಕೊನೆಯಲ್ಲಿ '<2' ಬದಲು '==1' ಅಂತ ಬರೆದಿದ್ದರೆ ಖಾಲಿ ಪಟ್ಟಿಗೆ ಉತ್ತರ 'ಇಲ್ಲ' ಆಗ್ತಿತ್ತು. ಆದರೆ '==1' ಒಂದು ಚಿಹ್ನೆ ಉದ್ದ. 23 ಆಗತ್ತೆ, ಆಟದಲ್ಲಿ ಸೋಲು. ಅಂದ್ರೆ ಫ್ರೇಗೆ ಒಂದು ಪುಸ್ತಕ ಬರೆದು ತೀರ್ಮಾನ ಮಾಡಿದ ಪ್ರಶ್ನೆಯನ್ನ ಇಲ್ಲಿ ತೀರ್ಮಾನ ಮಾಡಿದ್ದು ಒಂದು ಚಿಹ್ನೆಯ ಉಳಿತಾಯ. ಸಂಬಳದ ಪಟ್ಟಿ, ಆಸ್ಪತ್ರೆಯ ರಕ್ತಪರೀಕ್ಷೆ ಪಟ್ಟಿ, ಯಾವುದಾದರೂ ಆಗಲಿ, ರಾತ್ರಿ ಫೈಲು ಬರಲೇ ಇಲ್ಲ ಅಂತಿಟ್ಟುಕೊಳ್ಳಿ. ಬೆಳಗ್ಗೆ ಈ ಸಾಲು ಹಸಿರು ದೀಪ ತೋರಿಸತ್ತೆ. ಎಲ್ಲ ಸರಿ ಇದೆ ಸಾರ್, ಎಲ್ಲ ಸಮ.

ಇನ್ನೊಂದು ಆಳದ ಪ್ರಶ್ನೆ. ಇಲ್ಲಿನ ಹಳೇ ಆಲ್ಟ್‌ಬೌ ಕಟ್ಟಡ ಒಂದನ್ನ ನೆನೆಸಿಕೊಳ್ಳಿ. ಎರಡು ಮಹಡಿ, ಪ್ರತಿ ಮಹಡಿಯಲ್ಲೂ ಎರಡು ಮನೆ. ನಮ್ಮ ಸಾಲು ಮಹಡಿಗಳನ್ನ ನೋಡಿ 'ಎರಡು, ಎರಡು, ಸಮ' ಅಂತ ಹೇಳಿ ಮುಗಿಸತ್ತೆ, ಮನೆಯೊಳಗೆ ಇಣುಕಲ್ಲ. ಕೆಳಗಿನ ಮಹಡಿಯ ಎರಡು ಮನೆಗೂ ಒಂದೊಂದು ಕೋಣೆ, ಮೇಲಿನ ಮಹಡಿಯ ಎರಡಕ್ಕೂ ಎರಡೆರಡು ಕೋಣೆ ಇದ್ದರೆ? ಸರಿ, ಇದೇ ಸಾಲನ್ನ ಒಂದೊಂದು ಮಹಡಿಗೂ ಮತ್ತೆ ಓಡಿಸೋಣ ಅಂದುಕೊಂಡರೆ ಅಲ್ಲೂ ಪಾಸ್. ಪ್ರತಿ ಮಹಡಿಯೂ ತನ್ನೊಳಗೆ ಸಮ, ಇಡೀ ಕಟ್ಟಡ ಮಾತ್ರ ಸಮ ಇಲ್ಲ. ಇದಕ್ಕೆ ಸರಿಯಾದ ದಾರಿ ಅಂದ್ರೆ ಪ್ರತಿ ಮಹಡಿಯ ಹತ್ತಿರವೂ ಬರೀ ಉದ್ದ ಕೇಳದೆ ಪೂರ್ತಿ ಆಕಾರ ಕೇಳೋದು, 'ನಿನ್ನಲ್ಲಿ ಎಷ್ಟು ಮನೆ, ಅವುಗಳಲ್ಲಿ ಎಷ್ಟು ಕೋಣೆ' ಅಂತ, ಆಮೇಲೆ ಆ ಆಕಾರಗಳನ್ನ ಗಣಕ್ಕೆ ಹಾಕೋದು. ಕ್ಯಾಂಟರನ ಉಪಾಯ ಅಲ್ಲೂ ನಡೆಯತ್ತೆ. ಸಾಲು ಮಾತ್ರ ನಾಲ್ಕೈದಾಗತ್ತೆ.

ಇದು ಬರೀ ಆಟದವರ ತಲೆನೋವಾ? ನಮ್ಮ ಕ್ಷೇತ್ರದ ದೊಡ್ಡ ಲೈಬ್ರರಿಗಳೂ ಇದೇ ಗುಂಡಿಯಲ್ಲಿ ವರ್ಷಗಟ್ಟಲೆ ಇದ್ದವು. ನಂಪೈಗೆ ಒರಟೊರಟಾದ, ಉದ್ದ ಸಮ ಇಲ್ಲದ ಪಟ್ಟಿ ಕೊಟ್ಟರೆ ಮೊದಲು ಅದು ಚಕಾರ ಎತ್ತದೆ ಒಂದು ವಿಚಿತ್ರ ಅರೇ ಮಾಡಿ ಕೊಡ್ತಿತ್ತು, ಪೆಟ್ಟು ಬೀಳ್ತಿದ್ದದ್ದು ಹತ್ತು ಹೆಜ್ಜೆ ಆದ ಮೇಲೆ ಇನ್ನೆಲ್ಲೋ. 2020ರಲ್ಲಿ ಬಂದ 1.19ನೇ ಆವೃತ್ತಿ ಎಚ್ಚರಿಕೆ ಕೊಡೋಕೆ ಶುರು ಮಾಡಿತು. 2022ರ ಡಿಸೆಂಬರ್‌ನ 1.24ರಿಂದ ಕಡ್ಡಿ ಮುರಿದ ಹಾಗೆ ದೋಷ ಅಂತ ಹೇಳತ್ತೆ. ಪೈಥಾನ್‌ನ 'ಜಿಪ್' ಕೂಡ ಹಾಗೇ, ಎರಡು ಪಟ್ಟಿ ಜೋಡಿಸುವಾಗ ಉದ್ದದ್ದರ ಬಾಲವನ್ನ ಸದ್ದಿಲ್ಲದೆ ಕತ್ತರಿಸಿಬಿಡ್ತಿತ್ತು. 'ಸ್ಟ್ರಿಕ್ಟ್' ಅಂತ ಹೇಳಿ ಅದನ್ನ ತಡೆಯೋ ಸೌಲಭ್ಯ ಬಂದಿದ್ದು 2021ರ 3.10ರಲ್ಲಿ. ಆ ಭಾಷೆಗೆ ಆಗ ಮೂವತ್ತು ವರ್ಷ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ನಾನು ಇಲ್ಲಿ ಮಾಸ್ಟರ್ಸ್ ಮುಗಿಸಿ ಡೇಟಾ ಕೆಲಸಕ್ಕೆ ಸೇರಿದವನು. ಬೆಂಗಳೂರಿನಿಂದ ಬಂದವರಿಗೆ ಅಂದಾಜೇ ಇರದ ಒಂದು ಸಂಗತಿ ಈ ದೇಶದ ಡೇಟಾದಲ್ಲಿದೆ. ದಿನಕ್ಕೆ 24 ಗಂಟೆ ಅನ್ನೋದು ಇಲ್ಲಿ ವರ್ಷಕ್ಕೆ ಎರಡು ದಿನ ಸುಳ್ಳು.

ಮನೆಗೆ ಫೋನ್ ಮಾಡೋರಿಗೆಲ್ಲ ಇದು ಗೊತ್ತು. ಚಳಿಗಾಲದಲ್ಲಿ ಊರಿಗೂ ನಮಗೂ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ. ಮಾರ್ಚಿನ ಕೊನೇ ಭಾನುವಾರ ರಾತ್ರಿ ಎರಡಕ್ಕೆ ಗಡಿಯಾರ ಮೂರಕ್ಕೆ ಜಿಗಿಯತ್ತೆ. ಅಕ್ಟೋಬರಿನ ಕೊನೇ ಭಾನುವಾರ ಮೂರರಿಂದ ಎರಡಕ್ಕೆ ಹಿಂದೆ ಬರತ್ತೆ. ಹಾಗಾಗಿ ಒಂದು ದಿನ 23 ಗಂಟೆಯದ್ದು, ಒಂದು ದಿನ 25 ಗಂಟೆಯದ್ದು. ಜರ್ಮನಿಯಲ್ಲಿ ಈಗಿನ ಕ್ರಮ 1980ರಿಂದ ನಡೆದುಕೊಂಡು ಬಂದಿದೆ. ಯುರೋಪಿಯನ್ ಪಾರ್ಲಿಮೆಂಟ್ 2019ರಲ್ಲಿ ಇದನ್ನ ನಿಲ್ಲಿಸೋಣ ಅಂತ ಮತ ಹಾಕಿತು, ನಿಂತಿಲ್ಲ.

ಇಲ್ಲಿ ವಿದ್ಯುತ್ ಬಳಕೆಯನ್ನ ಕಾಲು ಗಂಟೆಗೊಮ್ಮೆ ಲೆಕ್ಕ ಇಡ್ತಾರೆ. ದಿನಕ್ಕೆ 96 ಅಂಕಿ. 2024ರ ಇಡೀ ವರ್ಷವನ್ನ ದಿನಕ್ಕೊಂದು ಪಟ್ಟಿಯಂತೆ ಜೋಡಿಸಿದರೆ 366 ಒಳಪಟ್ಟಿ. ಅದರಲ್ಲಿ 364ಕ್ಕೆ 96 ಅಂಕಿ, ಮಾರ್ಚ್ 31ಕ್ಕೆ 92, ಅಕ್ಟೋಬರ್ 27ಕ್ಕೆ 100. ಇದನ್ನ ನಮ್ಮ 22 ಚಿಹ್ನೆಯ ಸಾಲಿಗೆ ಕೊಡಿ. ಉತ್ತರ: ಇಲ್ಲ.

ಸರಿಯಾದ ಉತ್ತರವೇ. ಆದರೆ ಆ 'ಇಲ್ಲ' ಇಟ್ಟುಕೊಂಡು ಏನು ಮಾಡೋದು? ಫೈಲು ಅರ್ಧಕ್ಕೆ ತುಂಡಾಗಿದ್ದರೂ ಅದೇ 'ಇಲ್ಲ', ಮೀಟರ್ ಕೆಟ್ಟಿದ್ದರೂ ಅದೇ 'ಇಲ್ಲ', ಗಡಿಯಾರ ಸರಿಯಾಗಿ ತಿರುಗಿದ್ದರೂ ಅದೇ 'ಇಲ್ಲ'. ಈ ಸಾಲಿನ ಮೇಲೆ ನನ್ನ ಮುಖ್ಯ ಆರೋಪ ಇದೇ. ಸಾಲಿನ ನಡುವೆ ಒಂದು ಕ್ಷಣ ಅದಕ್ಕೆ ಎಲ್ಲಾ ಗೊತ್ತಿತ್ತು. 'ಸೆಟ್' ಮುಗಿದಾಗ ಅದರ ಕೈಯಲ್ಲಿ 96, 92, 100 ಅನ್ನೋ ಮೂರು ಸಂಖ್ಯೆ ಇದ್ದವು. ಇಲ್ಲಿ ಒಂದು ವರ್ಷ ಇದ್ದವರು ಯಾರಾದರೂ ಆ ಮೂರನ್ನ ನೋಡಿದ ತಕ್ಷಣ 'ಓ, ಗಡಿಯಾರ' ಅಂತಾರೆ. ಆದರೆ ಸಾಲು ಮುಂದೆ ಹೋಗಿ ಅವನ್ನ ಎಣಿಸಿ 3 ಮಾಡತ್ತೆ, ಆಮೇಲೆ ಆ 3ನ್ನೂ ಬಿಸಾಕಿ 'ಇಲ್ಲ' ಅನ್ನತ್ತೆ. ತಿಳಿದದ್ದನ್ನ ಎರಡು ಸಲ ಮರೆತು ಉತ್ತರ ಕೊಡತ್ತೆ.

ತಮಾಷೆ ಏನಂದ್ರೆ ಮರೆಯೋಕೆ ಚಿಹ್ನೆ ಖರ್ಚಾಗತ್ತೆ. ಬರೀ ಸೆಟ್(ಮ್ಯಾಪ್(ಲೆನ್,ಎ)) ಅಂತ ನಿಲ್ಲಿಸಿದ್ದರೆ 15 ಚಿಹ್ನೆ. ಇನ್ನೂ ಚಿಕ್ಕದು, ಇನ್ನೂ ಹೆಚ್ಚು ಹೇಳತ್ತೆ. ಖಾಲಿ ಪಟ್ಟಿಗೆ ಖಾಲಿ ಗಣ ಬರತ್ತೆ, ಫೈಲು ಬಂದಿಲ್ಲ ಅಂತ ಕಣ್ಣಿಗೇ ಕಾಣತ್ತೆ. 'ಸೆಟ್' ಜಾಗದಲ್ಲಿ 'ಕೌಂಟರ್' ಹಾಕಿದರೆ ಯಾವ ಉದ್ದ ಎಷ್ಟು ಸಲ ಅಂತಲೂ ಬರತ್ತೆ: 96 ಅನ್ನೋದು 364 ಸಲ, 92 ಒಂದು ಸಲ, 100 ಒಂದು ಸಲ. ಹಾಗಾದ್ರೆ 22ರ ಸಾಲು ಉದ್ದವಾಗಿದ್ದು ಯಾಕೆ? ಹೌದು-ಇಲ್ಲದಲ್ಲಿ ಉತ್ತರ ಕೊಡಿ ಅಂತ ಆಟದ ನಿಯಮ ಕೇಳಿತ್ತು, ಅದಕ್ಕೆ. ಕೋಡ್ ಗಾಲ್ಫ್ ಬಗ್ಗೆ ಸಾಮಾನ್ಯವಾಗಿ ಕೇಳೋ ದೂರು 'ಇಷ್ಟು ಚಿಕ್ಕದಾದರೆ ಯಾರಿಗೆ ಅರ್ಥ ಆಗತ್ತೆ' ಅಂತ. ಈ ಸಾಲಿನ ಮಟ್ಟಿಗೆ ಆ ದೂರು ನನಗೆ ಒಪ್ಪಿಗೆ ಇಲ್ಲ. ಇದು ಚಿಕ್ಕದಾಗಿದ್ದರಿಂದ ಕೆಟ್ಟಿಲ್ಲ, ಪ್ರಶ್ನೆಯೇ ಬಡವಾಗಿದ್ದರಿಂದ ಕೆಟ್ಟಿದೆ.

ಇದಕ್ಕಿಂತ ಕೆಟ್ಟ ಇನ್ನೊಂದಿದೆ, ಪಾಸ್ ಆಗೋ ಪರೀಕ್ಷೆ. 364 ಸಲ 96, ಜೊತೆಗೆ 92, ಜೊತೆಗೆ 100. ಕೂಡಿಸಿ ನೋಡಿ: 35,136. ಈಗ 366 ಸಲ 96 ಎಷ್ಟು? ಅದೂ 35,136. ಮಾರ್ಚಿನಲ್ಲಿ ಕಳೆದ ನಾಲ್ಕು ಅಂಕಿ ಅಕ್ಟೋಬರಿನಲ್ಲಿ ವಾಪಸ್ ಬಂದಿದೆ. ಹಾಗಾಗಿ ಯಾರಾದರೂ ಎಲ್ಲ ಅಂಕಿಗಳನ್ನ ಒಂದೇ ಸಾಲಿನಲ್ಲಿ ಸುರಿದು, '366 ಸಾಲು, 96 ಕಂಬ' ಅಂತ ಮತ್ತೆ ಮಡಿಸಿದರೆ ಯಾವ ದೋಷವೂ ಬರಲ್ಲ. ನಮ್ಮ ಸಾಲು ಈಗ 'ಹೌದು, ಎಲ್ಲ ಸಮ' ಅಂತ ಹೇಳತ್ತೆ. ಆದರೆ ಏಪ್ರಿಲ್ 1ರ ಸಾಲು ಶುರುವಾಗೋದು ಮಧ್ಯರಾತ್ರಿ 12ಕ್ಕಲ್ಲ, 1 ಗಂಟೆಗೆ. ಏಳು ತಿಂಗಳು ಪೂರ್ತಿ ಹೀಗೇ. ಜನ ಕೆಲಸ ಮುಗಿಸಿ ಮನೆಗೆ ಬಂದು ಒಲೆ ಹಚ್ಚೋ ಸಂಜೆ 6 ಗಂಟೆಯ ಏರಿಕೆ ಕೋಷ್ಟಕದಲ್ಲಿ 5 ಗಂಟೆಯ ಕಂಬದಲ್ಲಿ ಕೂತಿರತ್ತೆ. ನ್ಯಾಯವಾಗಿ ಹೇಳಬೇಕಂದ್ರೆ ಆ ಕೋಷ್ಟಕ ಪೂರ್ತಿ ಕಸ ಏನಲ್ಲ. ವರ್ಷವಿಡೀ ಚಳಿಗಾಲದ ಗಡಿಯಾರ ಇಟ್ಟುಕೊಂಡರೆ ಬರೋ ಕೋಷ್ಟಕ ಅದು. ಮೇಲೆ 'ಚಳಿಗಾಲದ ಸಮಯ' ಅಂತ ಚೀಟಿ ಅಂಟಿಸಿದ್ದರೆ ಸರಿಯೇ ಇತ್ತು. ಚೀಟಿ ಅಂಟಿಸೋ ಕೆಲಸ ಯಾವ 'ಲೆನ್' ಕೂಡ ಮಾಡಲ್ಲ.

ಇಲ್ಲಿವರೆಗೂ 'ಉದ್ದ' ಅನ್ನೋ ಪದವನ್ನ ನಾನು ಪ್ರಶ್ನಿಸದೆ ಬಳಸಿದೆ. ಅಂಕಿಗಳ ಪಟ್ಟಿಗೆ ಅದು ಸರಿ. ಒಳಪಟ್ಟಿಗಳ ಜಾಗದಲ್ಲಿ ಪದಗಳಿದ್ದರೆ? ಪೈಥಾನ್‌ಗೆ ಪದವೂ ಒಂದು ಪಟ್ಟಿಯ ಹಾಗೇ, 'ಲೆನ್' ಅದಕ್ಕೂ ನಡೆಯತ್ತೆ.

ಮೊದಲು ಜರ್ಮನ್ ನೋಡಿ. ರಸ್ತೆಗೆ 'ಸ್ಟ್ರಾಸೆ' ಅಂತಾರೆ, ಅದರ ನಡುವೆ ಬಾಲದ ಬಿ ಥರ ಕಾಣೋ ಎಸ್ಸೆಟ್ ಅಕ್ಷರ ಇದೆ. ಪೈಥಾನ್‌ನಲ್ಲಿ ಆ ಪದದ ಉದ್ದ 6. ಅದನ್ನೇ ದೊಡ್ಡಕ್ಷರಕ್ಕೆ ತಿರುಗಿಸಿದರೆ 7, ಯಾಕಂದ್ರೆ ಎಸ್ಸೆಟ್ ಒಡೆದು ಎರಡು ಎಸ್ ಆಗತ್ತೆ. 2017ರಲ್ಲಿ ದೊಡ್ಡ ಎಸ್ಸೆಟ್‌ಗೆ ಅಧಿಕೃತ ಒಪ್ಪಿಗೆ ಸಿಕ್ಕಿದರೂ ಕಂಪ್ಯೂಟರ್ ಹಳೇ ಪದ್ಧತಿಯನ್ನ ಬಿಟ್ಟಿಲ್ಲ. ಮ್ಯೂನಿಕ್‌ನ ಜರ್ಮನ್ ಹೆಸರು ಒಮ್ಮೆ 7, ಒಮ್ಮೆ 8. ಯು ಮೇಲಿನ ಎರಡು ಚುಕ್ಕಿಯನ್ನ ಅಕ್ಷರದ ಜೊತೆಗೇ ಒಂದಾಗಿ ಇಟ್ಟಿದ್ದಾರಾ, ಬೇರೆಯಾಗಿ ಇಟ್ಟಿದ್ದಾರಾ ಅನ್ನೋದರ ಮೇಲೆ ನಿಂತಿದೆ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣತ್ತೆ.

ಈಗ ನಮ್ಮದು. 'ಕನ್ನಡ' ಅನ್ನೋ ಪದದ ಉದ್ದ ಎಷ್ಟು? ನಿಮ್ಮ ಮಗು ಭಾನುವಾರದ ಕನ್ನಡ ಕ್ಲಾಸಿನಲ್ಲಿ 3 ಅಂತ ಹೇಳತ್ತೆ: ಕ, ನ್ನ, ಡ. ಪೈಥಾನ್ 5 ಅನ್ನತ್ತೆ: ಕ, ನ, ಅರ್ಧಾಕ್ಷರದ ಗುರುತು, ಇನ್ನೊಂದು ನ, ಡ. ಡಿಸ್ಕಿನಲ್ಲಿ ಇಟ್ಟರೆ 15 ಬೈಟ್, ಯಾಕಂದ್ರೆ ಇವತ್ತಿನ ಸಾಮಾನ್ಯ ಸಂಕೇತ ಪದ್ಧತಿಯಾದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. 'ಕೋ' ಅನ್ನೋ ಒಂದೇ ಅಕ್ಷರ ಒಂದು ರೂಪದಲ್ಲಿ 2 ಸಂಕೇತ, ಬಿಡಿಸಿಟ್ಟ ರೂಪದಲ್ಲಿ 4. ಅಂದಹಾಗೆ, ಇಂಗ್ಲಿಷ್ ಎಸ್ಸೆಮ್ಮೆಸ್ಸಿಗೆ 160 ಅಕ್ಷರದ ಜಾಗ ಇದ್ದರೆ ಕನ್ನಡದ್ದಕ್ಕೆ 70 ಸಂಕೇತ ಮಾತ್ರ. ಅಮ್ಮನಿಗೆ ಕನ್ನಡದಲ್ಲಿ ಮೆಸೇಜ್ ಕಳಿಸಿದಾಗ ಎರಡು ತುಂಡಾಗಿ ಹೋಗ್ತಿದ್ದದ್ದು ಇದಕ್ಕೇ. ಕೋಡ್ ಗಾಲ್ಫನ್ನ ಬೈಟ್ ಲೆಕ್ಕದಲ್ಲಿ ಆಡೋದು ವಾಡಿಕೆ. ಪೈಥಾನ್ 3ರಲ್ಲಿ ಪಟ್ಟಿಗೆ 'ಅ' ಅಂತ ಕನ್ನಡದ ಹೆಸರನ್ನೇ ಇಡಬಹುದು, ನಡೆಯತ್ತೆ, ಆದರೆ ನಿಮ್ಮ 22 ಆಗ 24 ಆಗತ್ತೆ. ಕನ್ನಡಕ್ಕೆ ಎರಡು ಬೈಟ್ ದಂಡ.

'ಕನ್ನಡ'ಕ್ಕೆ ನಾಲ್ಕನೇ ಉದ್ದವೂ ಇದೆ: 4. ಇದು ಛಂದಸ್ಸಿನ ಲೆಕ್ಕ, ಮಾತ್ರೆ. ಶಾಲೆಯಲ್ಲಿ ಕನ್ನಡ ಕಲಿಯದವರಿಗಾಗಿ ಎರಡೇ ಮಾತು. ಅಕ್ಷರವನ್ನ ಹೇಳೋಕೆ ಹಿಡಿಯೋ ಹೊತ್ತು ಮಾತ್ರೆ. ಗಿಡ್ಡ ಅಕ್ಷರ ಲಘು, ಅದಕ್ಕೆ 1. ಎಳೆದು ಹೇಳೋ ಅಕ್ಷರ ಗುರು, ಅದಕ್ಕೆ 2. ಒತ್ತಕ್ಷರದ ಹಿಂದಿನ ಅಕ್ಷರವೂ ಗುರು ಆಗತ್ತೆ, ನಾಲಿಗೆ ಅಲ್ಲಿ ಒತ್ತಿ ನಿಲ್ಲೋದರಿಂದ. 'ಕನ್ನಡ'ದ ಕ ಗುರು, ನ್ನ ಲಘು, ಡ ಲಘು: 2, 1, 1.

ಪದ್ಯ ಅಂದ್ರೆ ಪಟ್ಟಿಯೊಳಗಿನ ಪಟ್ಟಿ. ಕಾವ್ಯದೊಳಗೆ ಪದ್ಯ, ಪದ್ಯದೊಳಗೆ ಸಾಲು, ಸಾಲಿನೊಳಗೆ ಗಣ, ಗಣದೊಳಗೆ ಅಕ್ಷರ. 'ಸಾಲುಗಳ ಉದ್ದ ಒಂದೇನಾ' ಅನ್ನೋ ಪರೀಕ್ಷೆಯನ್ನ ನಮ್ಮವರು ಸಾವಿರ ವರ್ಷದಿಂದ ಮಾಡ್ತಿದ್ದಾರೆ. 10ನೇ ಶತಮಾನದ ಕೊನೆಯ ನಾಗವರ್ಮನ 'ಛಂದೋಂಬುಧಿ' ಅದರದ್ದೇ ಕೈಪಿಡಿ. ಅದನ್ನ 1875ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದವರು ಜರ್ಮನಿಯ ಉತ್ತರ ಕರಾವಳಿಯ ರೆಸ್ಟರ್‌ಹಾಫೆಯಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟೆಲ್. 1894ರ ನಿಘಂಟಿನಿಂದ ಅವರ ಹೆಸರು ನಿಮಗೆ ಗೊತ್ತಿರತ್ತೆ, 1903ರಲ್ಲಿ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು. ಕನ್ನಡ ಕಲಿತ ಆ ಜರ್ಮನ್ ಮನುಷ್ಯ ತನ್ನ ಭಾಷೆಯ ಕಿವಿಯನ್ನ ಪಕ್ಕಕ್ಕಿಟ್ಟು ಗುರು-ಲಘು ಎಣಿಸುತ್ತ ಕೂತಿದ್ದನ್ನ ನೆನೆಸಿಕೊಂಡರೆ ನನಗೆ ಖುಷಿ ಆಗತ್ತೆ.

ಆ ಪದ್ಧತಿಯಲ್ಲಿ ನನಗೆ ಬೇಕಾದ ಸಾಕ್ಷಿ ಸಿಗತ್ತೆ. ಕನ್ನಡ ಚಂಪೂ ಕವಿಗಳು ಹೆಚ್ಚು ಬಳಸಿದ ಆರು ವೃತ್ತಗಳಿಗೆ ಖ್ಯಾತ ಕರ್ನಾಟಕ ವೃತ್ತಗಳು ಅಂತಾರೆ. ಅದರಲ್ಲಿ ಉತ್ಪಲಮಾಲೆಯ ಸಾಲಿಗೆ 20 ಅಕ್ಷರ, ಚಂಪಕಮಾಲೆಗೆ 21. ಎರಡನ್ನೂ ಒಂದು ಪಟ್ಟಿಯಲ್ಲಿಟ್ಟು ಅಕ್ಷರ ಎಣಿಸಿದರೆ ಉತ್ತರ 'ಇಲ್ಲ'. ಮಾತ್ರೆ ಎಣಿಸಿ: ಎರಡಕ್ಕೂ 28. ಉತ್ಪಲಮಾಲೆಯ ಮೊದಲ ಗುರುವನ್ನ ಎರಡು ಲಘುವಾಗಿ ಒಡೆದರೆ ಸಿಗೋದೇ ಚಂಪಕಮಾಲೆ. ಉಳಿದ ನಾಲ್ಕೂ ಹೀಗೇ ಜೋಡಿ ಜೋಡಿ. ಶಾರ್ದೂಲವಿಕ್ರೀಡಿತ 19, ಮತ್ತೇಭವಿಕ್ರೀಡಿತ 20 ಅಕ್ಷರ, ಎರಡಕ್ಕೂ 30 ಮಾತ್ರೆ. ಸ್ರಗ್ಧರೆ 21, ಮಹಾಸ್ರಗ್ಧರೆ 22, ಎರಡಕ್ಕೂ 33. ಆರು ವೃತ್ತ, ಮೂರು ಉದ್ದ. ಯಾವ 'ಲೆನ್' ಹಿಡಿದುಕೊಂಡಿದ್ದೀರಿ ಅನ್ನೋದರ ಮೇಲೆ ಸಮವೋ ವಿಷಮವೋ ನಿರ್ಧಾರ ಆಗತ್ತೆ.

ಇನ್ನು ಕಂದಪದ್ಯ. ನಾಲ್ಕು ಸಾಲು, ಮಾತ್ರೆಗಳು 12, 20, 12, 20. ಸಾಲಿನ ಮಟ್ಟದಲ್ಲಿ ನಮ್ಮ ಪರೀಕ್ಷೆ ಫೇಲ್. ಅರ್ಧದ ಮಟ್ಟದಲ್ಲಿ 32, 32, ಪಾಸ್. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯಲ್ಲಿ ಆರು ಸಾಲು: 14, 14, 23, 14, 14, 23. ಅಲ್ಲೂ ಅರ್ಧಕ್ಕರ್ಧ ಸಮ, 51 ಮತ್ತು 51. ನಾಗವರ್ಮನ ಪರಂಪರೆ ಇವನ್ನ 'ಸಮ ಇಲ್ಲ' ಅಂತ ಹೇಳಿ ಕಸದಬುಟ್ಟಿಗೆ ಹಾಕಲಿಲ್ಲ, ಆ ಏರಿಳಿತಕ್ಕೆ ಹೆಸರು ಕೊಟ್ಟಿತು. ಹೆಸರು ಕೊಟ್ಟ ಮೇಲೆ ಪರೀಕ್ಷೆಯೂ ಬದಲಾಗತ್ತೆ, ಇದು ಕಂದ ಹೌದೋ ಅಲ್ಲವೋ ಅಂತ. ಮಾರ್ಚ್ 31ರ 92ಕ್ಕೂ ನಾನು ಕೇಳ್ತಿರೋದು ಇಷ್ಟೇ ಮರ್ಯಾದೆ.

ಚಿಕ್ಕದಾಗಿ ಬರೆಯೋದರಲ್ಲೂ ಛಂದಸ್ಸಿನವರು ಹಿಂದೆ ಬಿದ್ದಿಲ್ಲ. 'ಯಮಾತಾರಾಜಭಾನಸಲಗಂ' ಅಂತ ಬಾಯಿಪಾಠ ಮಾಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮೂರು ಮೂರು ಅಕ್ಷರದ ಗಣಗಳು ಎಂಟು, ಬಿಡಿಬಿಡಿಯಾಗಿ ಬರೆದರೆ 24 ಅಕ್ಷರ ಬೇಕು. ಇಲ್ಲಿ 10ರಲ್ಲೇ ಮುಗಿದಿದೆ. ಯ-ಗಣ ಬೇಕಾದರೆ ಯ ಇಂದ ಮೂರು ಅಕ್ಷರ ಓದಿ: ಯ, ಮಾ, ತಾ, ಅಂದ್ರೆ ಲಘು, ಗುರು, ಗುರು. ಮ-ಗಣಕ್ಕೆ ಮಾ ಇಂದ: ಮಾ, ತಾ, ರಾ, ಮೂರೂ ಗುರು. ಎಂಟೂ ಹೀಗೇ ಸಿಗತ್ತೆ, ಒಂದೂ ಎರಡು ಸಲ ಬರಲ್ಲ, ಕೊನೆಯ ಲ ಮತ್ತು ಗಂ ಲಘು-ಗುರುಗಳ ಗುರುತಾಗಿ ಉಳಿಯತ್ತೆ. ಇಷ್ಟು ಹಿಂಡಿದರೂ ಒಂದು ಗಣವೂ ಕಳೆದುಹೋಗಿಲ್ಲ. ನಮ್ಮ 22ರ ಸಾಲಿನ ಪಕ್ಕ ಇದನ್ನಿಟ್ಟರೆ ನನ್ನ ಓಟು ಯಾವುದಕ್ಕೆ ಅಂತ ಹೇಳಬೇಕಾಗಿಲ್ಲ.

ಹಾಗಾದ್ರೆ 'ಲೆನ್' ತೆಗೆದು ಮಾತ್ರೆ ಎಣಿಸೋ ನಮ್ಮದೇ ಒಂದು ಫಂಕ್ಷನ್ ಹಾಕೋಣ, 'ಅಳತೆ' ಅಂತ ಹೆಸರಿಡೋಣ. ಸೆಟ್(ಮ್ಯಾಪ್(ಅಳತೆ,ಎ)). ಹೊರಗಿನ ಸಾಲು ಹಾಗೇ ಚಿಕ್ಕದಾಗಿ ಉಳಿಯತ್ತೆ, ಕಷ್ಟ ಎಲ್ಲ ಒಳಗೆ ಹೋಗತ್ತೆ. ದೀರ್ಘ, ಅನುಸ್ವಾರ, ವಿಸರ್ಗ, ಮುಂದಿನ ಒತ್ತಕ್ಷರ, ಎಲ್ಲ ನೋಡಿ ಲೆಕ್ಕ ಹಾಕಬೇಕು. ಬರೆಯಬಹುದು, ಒಂದು ಸಂಜೆಯ ಕೆಲಸ. ಸಿಕ್ಕಿಹಾಕಿಕೊಳ್ಳೋದು ಶಿಥಿಲದ್ವಿತ್ವದಲ್ಲಿ. ಹಳಗನ್ನಡದಲ್ಲಿ ಕೆಲವು ಒತ್ತಕ್ಷರಗಳನ್ನ ಒತ್ತದೆ ತೇಲಿಸಿ ಹೇಳ್ತಿದ್ದರು, ಆಗ ಹಿಂದಿನ ಅಕ್ಷರ ಗುರು ಆಗಲ್ಲ, ಲಘುವಾಗೇ ಉಳಿಯತ್ತೆ. 'ಅಮರ್ದು' ಅನ್ನೋದನ್ನ ಒತ್ತಿ ಹೇಳಿದರೆ 4 ಮಾತ್ರೆ, ತೇಲಿಸಿದರೆ 3. ಬರೆಯೋ ರೀತಿ ಎರಡಕ್ಕೂ ಒಂದೇ. ಸಂಕೇತಗಳನ್ನ ಎಷ್ಟು ಕೆದಕಿದರೂ ಕವಿ ಯಾವುದನ್ನ ಕೇಳಿಸಿಕೊಂಡಿದ್ದ ಅಂತ ಅಲ್ಲಿಲ್ಲ.

ಆಗ 'ಅಳತೆ' ಒಂದು ಸಂಖ್ಯೆ ಕೊಡೋದನ್ನ ಬಿಟ್ಟು, ಸಾಧ್ಯವಿರೋ ಉದ್ದಗಳ ಗಣವನ್ನೇ ಕೊಡಬೇಕು. ಒಂದು ಸಾಲಿಗೆ 28 ಮಾತ್ರ ಸಾಧ್ಯ, ಇನ್ನೊಂದಕ್ಕೆ 28 ಅಥವಾ 29. ಎಲ್ಲ ಗಣಗಳಿಗೂ ಸಾಮಾನ್ಯವಾದದ್ದು ಏನಾದರೂ ಇದೆಯಾ ಅಂತ ನೋಡಿದರೆ 28 ಸಿಗತ್ತೆ, ಆ ಒತ್ತಕ್ಷರವನ್ನ ತೇಲಿಸಿ ಓದಬೇಕು ಅನ್ನೋದೂ ಅದರ ಜೊತೆಗೇ ಸಿಗತ್ತೆ. ಕೋಡು ಈಗಲೂ ಒಂದೇ ಸಾಲು:

ಸೆಟ್.ಇಂಟರ್‌ಸೆಕ್ಷನ್(*ಮ್ಯಾಪ್(ಅಳತೆ,ಎ))

ಖಾಲಿ ಪಟ್ಟಿ ಕೊಟ್ಟರೆ ಇದು ದೋಷ ಅಂತ ಕಿರುಚಿ ನಿಲ್ಲತ್ತೆ. ನಾನು ಅದನ್ನ ಹಾಗೇ ಬಿಟ್ಟಿದ್ದೀನಿ.